ಬಂದದ್ದು ಹತ್ತೊಂಬತ್ತು ಸಾವಿರ, ಉಳಿದದ್ದು ಏಳು: ಒಂದು ಮನೆಯ ಸಾಲ ಮತ್ತು ಓಡಾಟದ ಲೆಕ್ಕ

ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಮಾದಾವರ ದಾಟಿ ನೆಲಮಂಗಲದ ಕಡೆ ಹೋದರೆ ಬಾಡಿಗೆ ಮನೆಗಳ ಬಡಾವಣೆಗಳು ಒಂದರ ಹಿಂದೊಂದು ಸಿಗುತ್ತವೆ. ಪೀಣ್ಯದ ಕಾರ್ಖಾನೆಗಳಿಗೆ, ಯಶವಂತಪುರದ ಗಾರ್ಮೆಂಟ್ಸ್‌ಗೆ ಹೋಗುವವರೇ ಅಲ್ಲಿ ಜಾಸ್ತಿ. ಅಂಥ ಒಂದು ಮನೆಯ ಪ್ರಕರಣ ಇದು. ಸಾಲದಲ್ಲಿ ಸಿಕ್ಕಿಕೊಂಡ ಮನೆಯವರ ಜೊತೆ ಕೂತು ಲೆಕ್ಕ ಬಿಡಿಸುವುದು ನನ್ನ ಕೆಲಸ. ಈ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಕಾರ್ಖಾನೆ, ಬ್ಯಾಂಕ್ ಯಾವುದನ್ನೂ ಹೇಳುವುದಿಲ್ಲ. ಮನೆಯಾಕೆಯನ್ನು ಅಕ್ಕ ಅಂತಲೂ ಅವರ ಯಜಮಾನರನ್ನು ಅಣ್ಣ ಅಂತಲೂ ಕರೆಯುತ್ತೇನೆ. ಮೊತ್ತಗಳನ್ನು ಓದಲು ಸುಲಭವಾಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೇನೆ.

ಸಂಬಳ ಕಮ್ಮಿಯಾದ ಮನೆಗಳ ಲೆಕ್ಕ ನೋಡುವಾಗ ಸಾಮಾನ್ಯವಾಗಿ ಸಾಲವನ್ನು ಒಂದು ಕಡೆ, ಬಸ್ಸು-ಪೆಟ್ರೋಲ್ ಖರ್ಚನ್ನು ಇನ್ನೊಂದು ಕಡೆ ಬರೆಯುತ್ತೇವೆ. ಈ ಮನೆಯಲ್ಲಿ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ ಮೇಲೆಯೇ ದಾರಿ ಕಂಡಿದ್ದು. ಅದಕ್ಕೇ ಇದನ್ನು ಬರೆಯಬೇಕು ಅನ್ನಿಸಿತು.

ಹಿನ್ನೆಲೆ

ಮನೆಯಲ್ಲಿ ಐದು ಜನ. ಅಣ್ಣ, ಅಕ್ಕ, ಅಣ್ಣನ ತಾಯಿ, ಪಿಯುಸಿ ಓದುವ ಮಗಳು, ಏಳನೇ ಕ್ಲಾಸಿನ ಮಗ. ಅಣ್ಣ ಪೀಣ್ಯದ ಒಂದು ಘಟಕದಲ್ಲಿ ಒಂಬತ್ತು ವರ್ಷ ಸಿಎನ್‌ಸಿ (ಕಂಪ್ಯೂಟರ್‌ನಿಂದ ನಡೆಯುವ) ಮಷೀನ್ ನೋಡಿಕೊಂಡವರು. ಓಟಿ ಸೇರಿ ತಿಂಗಳಿಗೆ ₹23,000 ಕೈಗೆ ಬರುತ್ತಿತ್ತು. ಅಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಪೂರ್ತಿ ಹಾಜರಿ ಇದ್ದರೆ ₹11,800. ರೇಷನ್ ಕಾರ್ಡ್‌ನಲ್ಲಿ ಮನೆ ಯಜಮಾನಿ ಅಂತ ಅತ್ತೆಯ ಹೆಸರಿತ್ತು. ಹಾಗಾಗಿ ಗೃಹಲಕ್ಷ್ಮಿಯ ₹2,000 ಅವರ ಖಾತೆಗೆ ಬೀಳುತ್ತಿತ್ತು, ಕೆಲವು ಸಲ ತಡವಾಗಿ.

2023ರಲ್ಲಿ ಸಾಲ ಮಾಡಿ 125 ಸಿಸಿ ಬೈಕ್ ತಗೊಂಡರು. ಬೆಳಿಗ್ಗೆ ಅಣ್ಣ ಅಕ್ಕನನ್ನು ಬಸ್ ಸ್ಟಾಪಿಗೆ ಬಿಟ್ಟು ಪೀಣ್ಯಕ್ಕೆ ಹೋಗುತ್ತಿದ್ದರು. ಪೆಟ್ರೋಲ್‌ಗೆ ತಿಂಗಳಿಗೆ ಸುಮಾರು ₹1,500. ಅದೇ ವರ್ಷ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಅಂತಾಯಿತು. ಅಕ್ಕ ಫ್ಯಾಕ್ಟರಿ ವ್ಯಾನ್ ಬಿಟ್ಟು ಬಸ್ ಹಿಡಿದರು. ತಿಂಗಳಿಗೆ ₹900 ಉಳಿಯಿತು. ಸಾಲ ಆಗಲೂ ಇತ್ತು. ಒಡವೆ ಮೇಲೆ ಬ್ಯಾಂಕ್ ಸಾಲ, ಬೈಕ್ ಸಾಲ, ಹೆಂಗಸರ ಸಂಘದ ಮೂಲಕ ತಗೊಂಡ ಎರಡು ಸಾಲ. ಎರಡು ಸಂಬಳ ಬರುತ್ತಿದ್ದಾಗ ಕಂತು ತಪ್ಪಿರಲಿಲ್ಲ.

2024ರ ಆಗಸ್ಟ್‌ನಲ್ಲಿ ಆ ಘಟಕಕ್ಕೆ ಆರ್ಡರ್ ನಿಂತಿತು. ಮೊದಲು ಓಟಿ ಹೋಯಿತು, ಆಮೇಲೆ ಒಂದು ಶಿಫ್ಟೇ ಹೋಯಿತು. ಅಣ್ಣನಿಗೆ ಕೆಲಸ ಇಲ್ಲ ಅಂದರು. ಸ್ವಲ್ಪ ದಿನ ಹೆಲ್ಪರ್ ಕೆಲಸ ಹುಡುಕಿ, ಕೊನೆಗೆ ಅಣ್ಣ ಊಟ ತಲುಪಿಸುವ ಆ್ಯಪ್ ಒಂದಕ್ಕೆ ಸೇರಿಕೊಂಡರು. ಬೈಕ್ ಇದೆಯಲ್ಲ, ಸುಮ್ನೆ ಯಾಕೆ ನಿಲ್ಲಿಸಬೇಕು ಅಂತ.

ಸಮಸ್ಯೆ

2025ರ ಜನವರಿಯಲ್ಲಿ ಅವರು ನನ್ನ ಹತ್ತಿರ ಬಂದಾಗ ಅಣ್ಣ ಹೇಳಿದ ಮೊದಲ ಮಾತು: "ಆದಾಯ ಅಷ್ಟೇನೂ ಕಮ್ಮಿ ಆಗಿಲ್ಲ ಸರ್. ಇಪ್ಪತ್ಮೂರು ಬರ್ತಿತ್ತು, ಈಗ ಹತ್ತೊಂಬತ್ತು ಬರುತ್ತೆ. ಆದ್ರೂ ಯಾಕೋ ತಿಂಗಳು ಮುಟ್ಟಲ್ಲ."

ಅವರ ಹತ್ತಿರ ಒಂದು ಚಿಕ್ಕ ಪುಸ್ತಕ ಇತ್ತು. ಪ್ರತಿ ವಾರ ಆ್ಯಪ್‌ನಿಂದ ಬಂದ ದುಡ್ಡನ್ನು ನೀಟಾಗಿ ಬರೆದಿದ್ದರು. 4,600. 4,150. 4,900. ಮೊತ್ತದ ಕೆಳಗೆ ಗೆರೆ ಎಳೆದು ತಿಂಗಳ ಒಟ್ಟು. ಪೆಟ್ರೋಲ್ ಮಾತ್ರ ಎಲ್ಲೂ ಇರಲಿಲ್ಲ. ಬಂಕ್‌ನಲ್ಲಿ ಇನ್ನೂರು, ಇನ್ನೂರೈವತ್ತು ಅಂತ ಫೋನಿನಿಂದ ಕಟ್ಟುತ್ತಿದ್ದರು. ಅದು ಖರ್ಚು ಅಂತ ಅವರ ಮನಸ್ಸಿಗೆ ಬಂದೇ ಇರಲಿಲ್ಲ. ಫೋನ್ ತೆಗೆಸಿ, ಬಂಕಿಗೆ ಕಟ್ಟಿದ್ದನ್ನೆಲ್ಲ ಒಂದು ತಿಂಗಳಿನಷ್ಟು ಕೂಡಿಸಿದೆವು. ದಿನಕ್ಕೆ ಸುಮಾರು 110 ಕಿಲೋಮೀಟರ್ ಓಡುತ್ತಿದ್ದರು. ಬೆಂಗಳೂರಿನಲ್ಲಿ ಆಗ ಲೀಟರ್ ಪೆಟ್ರೋಲ್ ₹102ರ ಮೇಲೆ ಇತ್ತು. ಒಟ್ಟು ₹6,500 ಬಂತು. ಆಯಿಲ್, ಬ್ರೇಕ್, ಟೈರ್ ಸವೆತಕ್ಕೆ ₹1,200. ಫೋನ್ ಡೇಟಾಗೆ ಹೆಚ್ಚುವರಿ ₹300. ಅಲ್ಲಿಗೇ ₹8,000. ಹತ್ತೊಂಬತ್ತರಲ್ಲಿ ಎಂಟು ಕಳೆದರೆ ಹನ್ನೊಂದು. ಅದರಲ್ಲಿ ಬೈಕಿನ ಕಂತು ₹3,650 ತೆಗೆದರೆ ಮನೆಗೆ ಬರುತ್ತಿದ್ದದ್ದು ಏಳು ಸಾವಿರ ಚಿಲ್ಲರೆ.

ಅಣ್ಣ ಆ ಸಂಖ್ಯೆಯನ್ನೇ ನೋಡುತ್ತಾ ಕೂತರು. ದಿನಕ್ಕೆ ಹನ್ನೆರಡು ಗಂಟೆ ಬಿಸಿಲು, ಮಳೆ, ಟ್ರಾಫಿಕ್ ಅಂತ ಓಡಿದವರಿಗೆ ಇದನ್ನು ತೋರಿಸುವುದು ಕಷ್ಟದ ಕೆಲಸ. ಆದರೆ ಇದನ್ನು ತೋರಿಸದೆ ಮುಂದೆ ಏನೂ ಮಾಡಲಾಗುವುದಿಲ್ಲ. ಆದಾಯ ನಾಲ್ಕು ಸಾವಿರ ಕಮ್ಮಿಯಾಗಿದೆ ಅಂದುಕೊಂಡು ಆ ಮನೆ ಬದುಕುತ್ತಿತ್ತು. ನಿಜವಾಗಿ ಕಮ್ಮಿಯಾದದ್ದು ಹತ್ತು ಸಾವಿರದ ಮೇಲೆ.

ಇನ್ನೊಂದು ಸೋರಿಕೆ ಅಕ್ಕನ ಸಂಬಳ ಚೀಟಿಯಲ್ಲಿತ್ತು. ಅಣ್ಣ ಈಗ ರಾತ್ರಿ ಹನ್ನೆರಡರ ತನಕ ಕೆಲಸ ಮಾಡಿ ಬೆಳಿಗ್ಗೆ ತಡವಾಗಿ ಏಳುತ್ತಿದ್ದರು. ಅಕ್ಕನನ್ನು ಸ್ಟಾಪಿಗೆ ಬಿಡುವವರಿಲ್ಲ. ಎರಡು ಕಿಲೋಮೀಟರ್ ನಡೆದು ಹೋಗುವಷ್ಟರಲ್ಲಿ ಬೇಕಾದ ಬಸ್ ಹೋಗಿರುತ್ತಿತ್ತು. ಮುಂದಿನದು ತುಂಬಿ ಬರುತ್ತಿತ್ತು. ಗೇಟಿಗೆ ಹದಿನೈದು ನಿಮಿಷ ತಡವಾದರೆ ಅರ್ಧ ದಿನದ ಕೂಲಿ ಕಟ್. ಜೊತೆಗೆ ಹಾಜರಿ ಬೋನಸ್ಸೂ ಹೋಗುತ್ತದೆ. ಚೀಟಿಯಲ್ಲಿ ₹11,800ರ ಬದಲು ₹10,800 ಅಂತಿತ್ತು. ಬಸ್ ಟಿಕೆಟ್ ಉಚಿತ, ನಿಜ. ಆದರೆ ಬಸ್ ಸ್ಟಾಪಿಗೆ ಹೋಗುವ ದಾರಿ ತಿಂಗಳಿಗೆ ಸಾವಿರ ರೂಪಾಯಿ ತಿನ್ನುತ್ತಿತ್ತು. ಎರಡು ತಿಂಗಳಿಂದ ಚೀಟಿ ಹಾಗೇ ಬರುತ್ತಿದ್ದರೂ, ಬೈಕ್ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಕೈಗೆ ಬರುತ್ತಿದ್ದದ್ದು ಹೀಗೆ: ಅಣ್ಣನದು ₹11,000, ಅಕ್ಕನದು ₹10,800, ಅತ್ತೆಯ ಖಾತೆಯ ₹2,000. ಒಟ್ಟು ₹23,800. ಬಾಡಿಗೆ ₹7,000, ದಿನಸಿ-ಹಾಲು-ತರಕಾರಿ-ಗ್ಯಾಸ್ ₹8,000, ಮಗನ ಸ್ಕೂಲ್ ವ್ಯಾನ್ ₹1,400, ಅತ್ತೆಯ ಮಾತ್ರೆ ₹900, ಫೋನುಗಳಿಗೆ ₹600. ಇದೇ ₹17,900 ಆಯಿತು. ಗೃಹಜ್ಯೋತಿಯಿಂದ ಕರೆಂಟ್ ಬಿಲ್ ಇರಲಿಲ್ಲ, ಅದೊಂದು ಪುಣ್ಯ. ಬೈಕಿನದೂ ಸೇರಿ ಕಂತುಗಳು ₹13,860. ತಿಂಗಳಿಗೆ ಎಂಟು ಸಾವಿರದ ಕೊರತೆ. ಆ ಎಂಟು ಸಾವಿರವನ್ನೇ ಅವರು ಸೆಪ್ಟೆಂಬರ್‌ನಿಂದ ಹೊಸ ಸಾಲ ಮಾಡಿ ತುಂಬಿಸುತ್ತಿದ್ದರು. ಪರಿಚಯದ ಅಂಗಡಿಯವರಿಂದ ನೂರಕ್ಕೆ ಐದು ರೂಪಾಯಿ ಬಡ್ಡಿಗೆ ₹30,000. ಫೋನಿನ ಸಾಲದ ಆ್ಯಪ್‌ನಿಂದ ₹15,000. ಈ ಆ್ಯಪ್ ಸಾಲದ ಸ್ವಲ್ಪ ಭಾಗ ಹೋಗಿದ್ದು ಎಲ್ಲಿಗೆ ಗೊತ್ತಾ? ವಾರದ ದುಡ್ಡು ಬರುವ ಮುಂಚಿನ ದಿನಗಳ ಪೆಟ್ರೋಲಿಗೆ. ದುಡಿಯಲು ಹೋಗುವುದಕ್ಕೇ ಸಾಲ.

ಮೊದಲು ಅವರೇ ಮಾಡಿದ ಪ್ರಯತ್ನ

ಕೈಕಟ್ಟಿ ಕೂತವರಲ್ಲ ಅವರು. ಹಾಲು ಒಂದು ಲೀಟರ್‌ನಿಂದ ಅರ್ಧ ಲೀಟರ್‌ಗೆ ಇಳಿಸಿದ್ದರು. ಕೇಬಲ್ ತೆಗೆಸಿದ್ದರು. ಅತ್ತೆ ಬಿಪಿ ಮಾತ್ರೆಯನ್ನು ಯಾರಿಗೂ ಹೇಳದೆ ದಿನ ಬಿಟ್ಟು ದಿನ ನುಂಗಲು ಶುರು ಮಾಡಿದ್ದರು. ಇದು ಗೊತ್ತಾದಾಗ ಅಕ್ಕ ಕಣ್ಣೀರು ಹಾಕಿದರು. ಇಂಥ ಮನೆಗಳಲ್ಲಿ ವಯಸ್ಸಾದವರ ಔಷಧಿಯನ್ನು ನಾನು ಈಗ ಮೊದಲೇ ಕೇಳಿಬಿಡುತ್ತೇನೆ. ಉಳಿತಾಯ ಅಂತ ಮನೆಯೊಳಗೆ ಯಾರೋ ಒಬ್ಬರು ಸದ್ದಿಲ್ಲದೆ ತಮ್ಮ ಪಾಲನ್ನು ಬಿಟ್ಟುಕೊಡುತ್ತಿರುತ್ತಾರೆ.

ಸಾಲ ತೀರಿಸುವ ವಿಷಯದಲ್ಲಿ ಅವರ ಪದ್ಧತಿ ಒಂದೇ: ಯಾರು ಜೋರಾಗಿ ಕೇಳುತ್ತಾರೋ ಅವರಿಗೆ ಮೊದಲು. ಸಾಲದ ಆ್ಯಪ್‌ನವರು ದಿನಕ್ಕೆ ಹತ್ತು ಸಲ ಫೋನ್ ಮಾಡುತ್ತಿದ್ದರು. ಅವರಿಗೆ ಮೊದಲು. ಮಂಗಳವಾರ ಸಂಘದ ಸಭೆ, ಅಲ್ಲಿ ಹತ್ತು ಹೆಂಗಸರ ಮುಂದೆ ಕೂರಬೇಕು. ಅವರಿಗೆ ಎರಡನೆಯದು. ಒಡವೆ ಸಾಲ ಕೊಟ್ಟ ಬ್ಯಾಂಕಿನವರು ಒಂದು ಮೆಸೇಜ್ ಕಳಿಸಿ ಸುಮ್ಮನಿದ್ದರು. ಹಾಗಾಗಿ ಅದು ಕೊನೆಗೆ. ಆದರೆ ಮಾರ್ಚ್‌ನಲ್ಲಿ ವಾಯಿದೆ ಮುಗಿಯುವುದಿತ್ತು. 32 ಗ್ರಾಂ ಚಿನ್ನ ಹರಾಜಿಗೆ ಹೋಗಬಹುದಾಗಿದ್ದ ಸಾಲ ಅದೇ.

ಜನವರಿ ಕೊನೆಗೆ ಸಂಘದ ಸಿಬ್ಬಂದಿ ಇನ್ನೊಂದು ₹40,000 ಕೊಡಿಸುತ್ತೇನೆ, ಎಲ್ಲ ಚಿಲ್ಲರೆ ಸಾಲ ತೀರಿಸಿಕೊಳ್ಳಿ ಅಂದರು. ಅಕ್ಕ ಒಪ್ಪುವ ಮನಸ್ಸಿನಲ್ಲಿದ್ದರು. ಅಲ್ಲಿ ನಾನು ತಡೆದೆ. 2022ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದಂತೆ, ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಆ ಮನೆಯ ತಿಂಗಳ ಆದಾಯದ ಅರ್ಧ ಮೀರುವಂತೆ ಕಿರುಸಾಲ (ಸಂಘದ ಸಾಲದಂಥ ಮೈಕ್ರೋಫೈನಾನ್ಸ್ ಸಾಲ) ಕೊಡಬಾರದು. ಇವರದು ಆಗಲೇ ಅರ್ಧ ದಾಟಿತ್ತು. ಆದರೂ ಸಾಲ ಸಿಗುತ್ತಿತ್ತು, ಯಾಕೆಂದರೆ ಅರ್ಜಿಯಲ್ಲಿ ಹಳೆಯ ಆದಾಯವೇ ಇತ್ತು. ಕೊಡುವವರು ಇದ್ದಾರೆ ಅಂದ ಮಾತ್ರಕ್ಕೆ ಕಟ್ಟುವ ಶಕ್ತಿ ಇದೆ ಅಂತ ಅರ್ಥವಲ್ಲ.

ಒಂದೇ ಹಾಳೆ

ಹಳೆಯ ಕ್ಯಾಲೆಂಡರ್ ಹಾಳೆಯೊಂದರ ಹಿಂದೆ ಎಲ್ಲ ಸಾಲ ಬರೆದೆವು. ಬಾಕಿ ಎಷ್ಟು, ತಿಂಗಳಿಗೆ ಎಷ್ಟು, ಬಡ್ಡಿ ಎಷ್ಟು, ಕಟ್ಟದಿದ್ದರೆ ಏನಾಗುತ್ತದೆ.

ಒಡವೆ ಸಾಲ ₹1,40,000, ವರ್ಷಕ್ಕೆ ಶೇ 9. ಮಾರ್ಚ್‌ನಲ್ಲಿ ಬಡ್ಡಿ ಸೇರಿ ಒಂದೇ ಸಲ ₹1,52,600 ಕಟ್ಟಬೇಕು. ಬೈಕ್ ಸಾಲದ ಬಾಕಿ ಸುಮಾರು ₹60,000. ಒಂದು ಸಂಘದ ಸಾಲಕ್ಕೆ ವಾರಕ್ಕೆ ₹610, ಬಾಕಿ ₹22,000. ಇನ್ನೊಂದಕ್ಕೆ ತಿಂಗಳಿಗೆ ₹3,170, ಬಾಕಿ ₹31,000. ಎರಡಕ್ಕೂ ಬಡ್ಡಿ ವರ್ಷಕ್ಕೆ ಶೇ 24ರ ಆಸುಪಾಸು. ಅಂಗಡಿಯವರ ಕೈಸಾಲ ₹30,000. ತಿಂಗಳಿಗೆ ₹1,500 ಬಡ್ಡಿ, ಅಸಲು ಇಳಿಯುವುದೇ ಇಲ್ಲ. ಆ್ಯಪ್ ಸಾಲದ ಬಾಕಿ ₹12,500. ಹದಿನೈದು ಸಾವಿರ ಅಂತ ಹೇಳಿ ಕೈಗೆ ಕೊಟ್ಟದ್ದು ₹13,800. ಆರು ಕಂತಿನಲ್ಲಿ ವಾಪಸ್ ಕೇಳಿದ್ದು ₹17,400. ಲೆಕ್ಕ ಹಾಕಿದರೆ ತಿಂಗಳಿಗೆ ನೂರಕ್ಕೆ ಏಳು ರೂಪಾಯಿ ಬೀಳುತ್ತದೆ. ಅಂಗಡಿಯವರ ಬಡ್ಡಿಯೇ ಜಾಸ್ತಿ ಅಂತ ಬೈಯುತ್ತಿದ್ದ ಅಣ್ಣನಿಗೆ ಫೋನಿನ ಸಾಲ ಅದಕ್ಕಿಂತ ದುಬಾರಿ ಅಂತ ಆಗಲೇ ಗೊತ್ತಾದದ್ದು.

ಕೊಡಬೇಕಾದ್ದನ್ನು ಬರೆದು ಮುಗಿಸಿ, ಪಕ್ಕದಲ್ಲಿ "ಬರಬೇಕಾದ್ದು" ಅಂತ ಬರೆದೆ. ಅಣ್ಣ "ಏನೂ ಇಲ್ಲ ಸರ್" ಅಂದರು. ಒಂಬತ್ತು ವರ್ಷ ದುಡಿದ ಮನುಷ್ಯನಿಗೆ ಏನೂ ಬರಬೇಕಾದ್ದಿಲ್ಲವಾ? ಪಿಎಫ್ ಖಾತೆಯಲ್ಲಿ ₹1,30,000 ಇತ್ತು. ಗ್ರಾಚ್ಯುಟಿಯನ್ನು, ಅಂದರೆ ಕೆಲಸ ಬಿಟ್ಟಾಗ ಮಾಲೀಕರು ಕೊಡಬೇಕಾದ ಸೇವೆಯ ಹಣವನ್ನು, ಕೇಳಿಯೇ ಇರಲಿಲ್ಲ. ಐದು ವರ್ಷ ಸತತವಾಗಿ ದುಡಿದವರಿಗೆ ಅದು ಹಕ್ಕಿನ ಹಣ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷಗಳಿಂದ ಗುಣಿಸಬೇಕು. ಅಣ್ಣನ ಮೂಲ ವೇತನ, ಭತ್ಯೆ ಸೇರಿ ₹14,000. ಒಂಬತ್ತು ವರ್ಷಕ್ಕೆ ₹72,000ದ ಮೇಲೆ ಬಂತು. ಕೊಡಬೇಕಾದ ದಿನದಿಂದ 30 ದಿನದೊಳಗೆ ಮಾಲೀಕರು ಕೊಡಬೇಕು, ತಡವಾದರೆ ಬಡ್ಡಿಯನ್ನೂ ಸೇರಿಸಬೇಕು. ಹಳೆಯ ಮಾಲೀಕರು ಒಳ್ಳೆಯವರು, ಕಷ್ಟದಲ್ಲಿದ್ದಾರೆ, ಹೇಗೆ ಕೇಳೋದು ಅಂತ ಅಣ್ಣನಿಗೆ ಸಂಕೋಚ. ಅಕ್ಕ ಅಂದರು: "ರೀ, ನಾವೇನು ಭಿಕ್ಷೆ ಕೇಳ್ತಿದ್ದೀವಾ? ನೀವು ದುಡಿದಿದ್ದಲ್ವಾ?" ಅರ್ಜಿ ಆವತ್ತೇ ಬರೆದೆವು.

ಮೊದಲ ನಿರ್ಧಾರ: ಪಿಎಫ್‌ನಲ್ಲಿ ಎಷ್ಟು ತೆಗೆಯುವುದು

ಪಿಎಫ್ ಇದೆ ಅಂತ ಗೊತ್ತಾದ ಕೂಡಲೇ ಅಣ್ಣ ಎಲ್ಲ ತೆಗೆದು ಒಂದೇ ಏಟಿಗೆ ಸಾಲ ತೀರಿಸೋಣ ಅಂದರು. ಇದು ತುಂಬಾ ಮನೆಗಳಲ್ಲಿ ನಡೆಯುತ್ತದೆ. ಇಲ್ಲಿ ಎರಡು ಲೆಕ್ಕ ನೋಡಿದೆವು. ಪಿಎಫ್‌ಗೆ ಶೇ 8.25 ಬಡ್ಡಿ ಬರುತ್ತಿತ್ತು. ಶೇ 9ರ ಒಡವೆ ಸಾಲ ತೀರಿಸಲು ಅದನ್ನು ಒಡೆದರೆ ಲಾಭವೇನೂ ಇಲ್ಲ. ವರ್ಷಕ್ಕೆ ಶೇ 60ರ ಕೈಸಾಲ ತೀರಿಸಲು ಒಡೆದರೆ ದೊಡ್ಡ ಲಾಭ. ಎರಡನೆಯದು ಪಿಂಚಣಿ. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಹತ್ತು ವರ್ಷ ಸೇವೆ ಆದರೆ 58ಕ್ಕೆ ಪಿಂಚಣಿಯ ಹಕ್ಕು ಬರುತ್ತದೆ. ಅಣ್ಣ ಒಂಬತ್ತು ಮುಗಿಸಿದ್ದರು. ಖಾತೆ ಮುಚ್ಚಿ ಪಿಂಚಣಿ ದುಡ್ಡನ್ನೂ ನಮೂನೆ 10ಸಿ ಹಾಕಿ ತೆಗೆದಿದ್ದರೆ ಆ ಒಂಬತ್ತು ವರ್ಷ ಅಳಿಸಿಹೋಗುತ್ತಿತ್ತು.

ಆಗಿನ ನಿಯಮದಲ್ಲಿ ಕೆಲಸ ಹೋಗಿ ಒಂದು ತಿಂಗಳಾದರೆ ಖಾತೆ ಮುಚ್ಚದೆಯೇ ಶೇ 75ರವರೆಗೆ ಮುಂಗಡ ತೆಗೆಯಬಹುದಿತ್ತು. ನಮೂನೆ 31 ಹಾಕಿ ₹45,000 ಮಾತ್ರ ತೆಗೆದರು. ಕೈಸಾಲ ಪೂರ್ತಿ ತೀರಿತು, ಆ್ಯಪ್ ಸಾಲವೂ ತೀರಿತು. ಉಳಿದ ಎರಡೂವರೆ ಸಾವಿರ ಸಂಘದ ಕಂತಿಗೆ ಹೋಯಿತು. ತಿಂಗಳಿಗೆ ₹4,400ರ ಹೊರೆ ಇಳಿಯಿತು. ಫೋನ್ ಬಡಿದುಕೊಳ್ಳುವುದೂ ನಿಂತಿತು. ಸಾಲ ವಸೂಲಿಗೆ ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ನಂತರ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ಅದು ಗೊತ್ತಿದ್ದರೂ ಆ ಫೋನುಗಳ ಭಯ ಹೋಗಿದ್ದು ಸಾಲ ತೀರಿದ ಮೇಲೆಯೇ.

ಎರಡನೆಯದು: ಯಾವ ಕೆಲಸ

ಫೆಬ್ರವರಿಯಲ್ಲಿ ಅಣ್ಣನಿಗೆ ಎರಡು ಕಡೆಯಿಂದ ಕರೆ ಬಂತು. ಬೊಮ್ಮಸಂದ್ರದ ಒಂದು ಘಟಕ, ಕೈಗೆ ₹21,500. ದಾಬಸ್‌ಪೇಟೆಯ ಒಂದು ಘಟಕ, ಕೈಗೆ ₹17,500. ಮನೆಯಲ್ಲಿ ಎಲ್ಲರೂ ಬೊಮ್ಮಸಂದ್ರ ಅಂದರು. ಇಪ್ಪತ್ತೊಂದೂವರೆ ಎಲ್ಲಿ, ಹದಿನೇಳೂವರೆ ಎಲ್ಲಿ! 2024ರ ನವೆಂಬರ್ 7ರಿಂದ ಮೆಟ್ರೋ ಮಾದಾವರದವರೆಗೂ ಬಂದಿತ್ತು. ಹೋಗಿಬರುವುದು ಸುಲಭ ಅಂತ ಅಣ್ಣನ ಲೆಕ್ಕ.

ಆದರೆ ಬೊಮ್ಮಸಂದ್ರದ ಕಡೆಯ ಹಳದಿ ಮಾರ್ಗ ಆಗಿನ್ನೂ ಶುರುವಾಗಿರಲಿಲ್ಲ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮೆಟ್ರೋ, ಆಮೇಲೆ ಬಸ್. ಅದೇ ಹೊತ್ತಿಗೆ, ಫೆಬ್ರವರಿ 9ಕ್ಕೆ, ಮೆಟ್ರೋ ದರ ಏರಿ ಗರಿಷ್ಠ ದರ ₹60ರಿಂದ ₹90 ಆಯಿತು. ಬಸ್ ದರ ಜನವರಿ 5ಕ್ಕೇ ಶೇ 15 ಏರಿತ್ತು. ಗಂಡಸರಿಗೆ ಶಕ್ತಿ ಯೋಜನೆ ಇಲ್ಲವಲ್ಲ. ಎರಡೂ ಸೇರಿ ದಿನಕ್ಕೆ ಸುಮಾರು ₹200, ತಿಂಗಳಿಗೆ ₹5,200. ಉಳಿಯುವುದು ₹16,300. ದಾಬಸ್‌ಪೇಟೆಯ ಕಂಪನಿಯ ಬಸ್ ನೆಲಮಂಗಲದ ಕಡೆಯಿಂದಲೇ ಹತ್ತಿಸಿಕೊಂಡು ಹೋಗುತ್ತಿತ್ತು. ಓಡಾಟದ ಖರ್ಚು ಇಲ್ಲ. ₹17,500 ಪೂರ್ತಿ ಮನೆಗೆ. ಪಿಎಫ್, ಇಎಸ್‌ಐ ಎರಡೂ ಉಂಟು, ಪಿಎಫ್‌ನ ಹಳೆಯ ಯುಎಎನ್ ಸಂಖ್ಯೆಯಲ್ಲೇ ಸೇವೆ ಮುಂದುವರಿಯುತ್ತದೆ. ದಿನಕ್ಕೆ ಎರಡು-ಮೂರು ಗಂಟೆ ಉಳಿತಾಯ ಬೇರೆ.

ನಾಲ್ಕು ಸಾವಿರ ಕಮ್ಮಿ ಸಂಬಳದ ಕೆಲಸ ತಿಂಗಳಿಗೆ ₹1,200 ಜಾಸ್ತಿ ತರುತ್ತದೆ ಅಂತ ಹಾಳೆಯಲ್ಲಿ ಕಂಡಾಗ ಅತ್ತೆಗೆ ನಂಬಿಕೆ ಬರಲಿಲ್ಲ. ಮಗಳು ಮತ್ತೆ ಕೂಡಿಸಿ ತೋರಿಸಿದಳು. ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತಿರುವು ಇದೇ. ಸಂಬಳದ ಸಂಖ್ಯೆ ಎಲ್ಲರಿಗೂ ಹೇಳಲು ಚೆಂದ. ಸಂಬಂಧಿಕರು ಕೇಳುವುದೂ ಅದನ್ನೇ. ಅಣ್ಣನಿಗೆ ಹದಿನೇಳೂವರೆಗೆ ಒಪ್ಪಿಕೊಳ್ಳುವುದು ಮನಸ್ಸಿಗೆ ಕಷ್ಟವಾಯಿತು. ಅದನ್ನು ಹಗುರವಾಗಿ ತಗೊಳ್ಳಬಾರದು.

ಮೂರನೆಯದು: ಬೈಕ್

ಕಂಪನಿ ಬಸ್ ಇದ್ದ ಮೇಲೆ ತಿಂಗಳಿಗೆ ₹3,650 ಕಂತಿನ ಬೈಕ್ ಯಾಕೆ? ಮಾರುವುದು ಅಂತಾಯಿತು. ಆದರೆ ಕ್ರಮ ಮುಖ್ಯ. ಕೆಲಸದ ಆರ್ಡರ್ ಕೈಗೆ ಬರುವ ತನಕ ಮುಟ್ಟಬೇಡಿ ಅಂದೆ. ಅಲ್ಲಿಯವರೆಗೆ ಅದೇ ಅನ್ನ ಹಾಕುತ್ತಿದ್ದದ್ದು. ಆರ್ಡರ್ ಬಂತು, ಮಾರ್ಚ್ 1ಕ್ಕೆ ಸೇರಬೇಕು ಅಂತಾಯಿತು, ಆಮೇಲೆ ಗಿರಾಕಿ ಹುಡುಕಿದರು.

ಸೆಕೆಂಡ್ ಹ್ಯಾಂಡ್ ಡೀಲರ್ ಸಾಲ ತೀರಿಸಿಕೊಂಡು ₹54,000ಕ್ಕೆ ಕೇಳಿದರು. ಕೊಟ್ಟರೆ ಆರು ಸಾವಿರ ಕೈಯಿಂದ ಹಾಕಬೇಕು. ಪರಿಚಯದವರೊಬ್ಬರು ₹61,000 ಕೊಡಲು ತಯಾರಿದ್ದರು. ಆದರೆ ಆರ್‌ಸಿಯಲ್ಲಿ ಸಾಲದವರ ಹೆಸರು ಇರುವ ತನಕ ದುಡ್ಡು ಕೊಡಲ್ಲ ಅಂದರು. ಅವರ ಮಾತೂ ಸರಿಯೇ. ಸಾಲ ತೀರದೆ ಎನ್‌ಒಸಿ (ಸಾಲ ಕೊಟ್ಟವರ ಆಕ್ಷೇಪ ಇಲ್ಲ ಅನ್ನುವ ಪತ್ರ) ಸಿಗಲ್ಲ, ಎನ್‌ಒಸಿ ಇಲ್ಲದೆ ಗಿರಾಕಿ ದುಡ್ಡು ಕೊಡಲ್ಲ. ಅಕ್ಕನ ತಮ್ಮ ಊರಿನಿಂದ ₹60,200 ಕಳಿಸಿದರು, ಬೈಕ್ ಮಾರಿದ ಕೂಡಲೇ ವಾಪಸ್ ಅಂತ ಮಾತು. ಸಾಲ ಮುಚ್ಚಿ, ಎನ್‌ಒಸಿ ತಂದು, ಆರ್‌ಟಿಒದಲ್ಲಿ ಹೆಸರು ತೆಗೆಸಿ, ಮಾರ್ಚ್ ಕೊನೆಗೆ ಬೈಕ್ ಕೊಟ್ಟರು. ತಮ್ಮನ ದುಡ್ಡು ಅದೇ ದಿನ ವಾಪಸ್ ಹೋಯಿತು. ಆ ದುಡ್ಡು ಸ್ವಲ್ಪ ದಿನ ಕೈಯಲ್ಲಿಟ್ಟುಕೊಳ್ಳೋಣ ಅಂತ ಅಣ್ಣನಿಗೆ ಅನ್ನಿಸಿತ್ತು. ಅಕ್ಕ ಬಿಡಲಿಲ್ಲ. ಅವರು ಬಿಡದಿದ್ದದ್ದೇ ಒಳ್ಳೆಯದಾಯಿತು. ತವರಿನ ನಂಬಿಕೆ ಉಳಿಯಿತು.

ಗಾಡಿಯೇ ಇಲ್ಲದೆ ಆ ಬಡಾವಣೆಯಲ್ಲಿ ಬದುಕುವುದು ಕಷ್ಟ. ಊರಲ್ಲಿ ಅಣ್ಣನ ಅಪ್ಪನ ಹಳೆಯ ಟಿವಿಎಸ್ ಎಕ್ಸ್‌ಎಲ್ ಮೂಲೆಯಲ್ಲಿ ನಿಂತಿತ್ತು. ಅದನ್ನು ತಂದು, ಕಾರ್ಬೊರೇಟರ್ ತೊಳೆಸಿ, ಟ್ಯೂಬ್ ಹಾಕಿಸಿ, ಇನ್ಶೂರೆನ್ಸ್ ಮತ್ತು ಹೊಗೆ ತಪಾಸಣೆ ಮಾಡಿಸಿದರು. ಬೆಳಿಗ್ಗೆ ಅಣ್ಣ ಅಕ್ಕನನ್ನು ಅದರಲ್ಲಿ ಕೂರಿಸಿಕೊಂಡು ಸ್ಟಾಪಿಗೆ ಬಿಟ್ಟು, ಅಲ್ಲೇ ಗಾಡಿ ನಿಲ್ಲಿಸಿ ತಮ್ಮ ಕಂಪನಿ ಬಸ್ ಹತ್ತುತ್ತಾರೆ. ಪೆಟ್ರೋಲ್ ತಿಂಗಳಿಗೆ ₹600. ಅಕ್ಕನ ಹಾಜರಿ ಏಪ್ರಿಲ್‌ನಲ್ಲಿ ಪೂರ್ತಿಯಾಯಿತು. ಸಾವಿರ ರೂಪಾಯಿ ವಾಪಸ್ ಬಂತು.

ಒಡವೆ

ಅತಿ ಕಷ್ಟದ ನಿರ್ಧಾರ ಇದು. ಬರೀ ಬಡ್ಡಿ ಕಟ್ಟಿ ಸಾಲ ಮುಂದುವರಿಸಲು ಆ ಶಾಖೆ ಒಪ್ಪಲಿಲ್ಲ. ಅಡವಿಟ್ಟ ಚಿನ್ನ ಬಿಡಿಸಿ ಕೊಂಡುಕೊಳ್ಳುವವರು ಒಬ್ಬರು ಬಂದು 32 ಗ್ರಾಂ ಪೂರ್ತಿ ತಮಗೇ ಕೊಡಿ ಅಂದರು. ಅವರು ಹೇಳಿದ ದರ ಪೇಟೆಗಿಂತ ಬಹಳ ಕೆಳಗಿತ್ತು. ಆಗ 22 ಕ್ಯಾರೆಟ್ ಚಿನ್ನ ಗ್ರಾಂಗೆ ₹8,000ದ ಆಸುಪಾಸು ಇತ್ತು. ಚಿನ್ನ ಇಟ್ಟಾಗಿನ ಬೆಲೆಗಿಂತ ತುಂಬಾ ಮೇಲೆ. ಅಂದರೆ ಎಲ್ಲ ಮಾರಬೇಕಾಗಿಲ್ಲ, ಅರ್ಧ ಮಾರಿದರೆ ಸಾಕು.

ಯಾವುದನ್ನು ಮಾರುವುದು ಅಂತ ಅಕ್ಕನೇ ಹೇಳಲಿ ಅಂದೆ. ತವರಿನವರು ಹಾಕಿದ್ದ ಬಳೆ, ಓಲೆ ಇಟ್ಟುಕೊಂಡು ಚೀಟಿ ದುಡ್ಡಿನಲ್ಲಿ ಮಾಡಿಸಿದ್ದ 16 ಗ್ರಾಂನ ಸರ ಕೊಡುತ್ತೇನೆ ಅಂದರು. "ಒಡವೆ ಇರೋದು ಕಷ್ಟಕ್ಕೇ ಕಣಮ್ಮ" ಅಂತ ಅತ್ತೆ ಅವರ ಕೈ ಹಿಡಿದುಕೊಂಡರು. ಪರಿಚಯದ ಚಿನ್ನದ ಅಂಗಡಿಯವರು ಬ್ಯಾಂಕಿಗೇ ಬಂದರು. ಅಂಗಡಿಯವರು ಕೊಳ್ಳುವ ದರದಲ್ಲಿ ಸರಕ್ಕೆ ₹1,23,000 ಬಂತು. ಅಷ್ಟರಲ್ಲಿ ಗ್ರಾಚ್ಯುಟಿಯ ಮೊದಲ ಅರ್ಧ, ₹36,000, ಹಳೆಯ ಮಾಲೀಕರಿಂದ ಬಂದಿತ್ತು. ಎರಡೂ ಸೇರಿ ಸಾಲ ತೀರಿ ₹6,400 ಉಳಿಯಿತು. ಹೊಸ ಕೆಲಸದ ಮೊದಲ ಸಂಬಳ ಏಪ್ರಿಲ್‌ನಲ್ಲಿ ಬರುವ ತನಕ ಮನೆ ನಡೆದದ್ದು ಇದರಲ್ಲೇ. ಬಾಡಿಗೆ ಹತ್ತು ದಿನ ತಡವಾಗುತ್ತದೆ ಅಂತ ಮನೆ ಮಾಲೀಕರಿಗೆ ಮೊದಲೇ ಹೇಳಿದ್ದರು.

ಬಿಡಿಸಿದ ಬಳೆ-ಓಲೆಯನ್ನು ಮತ್ತೆ ಅಡವಿಡಲಿಲ್ಲ.

ಸಂಘದ ಸಾಲ

ಫೆಬ್ರವರಿ 12ಕ್ಕೆ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ರಾಜ್ಯ ಸರ್ಕಾರದ ಸುಗ್ರೀವಾಜ್ಞೆ ಬಂತು. ಸಂಘದಲ್ಲಿ ಕೆಲವರು "ಸಾಲ ಮನ್ನಾ ಆಯ್ತಂತೆ, ಯಾರೂ ಕಟ್ಟಬೇಡಿ" ಅಂತ ಸುದ್ದಿ ಹಬ್ಬಿಸಿದರು. ಅಕ್ಕ ಫೋನ್ ಮಾಡಿ ಕೇಳಿದರು. ನೋಂದಣಿ, ಪರವಾನಗಿ ಇಲ್ಲದವರು ಕೊಟ್ಟ ಸಾಲಕ್ಕೆ ಆ ರಕ್ಷಣೆ ಇತ್ತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಸಂಸ್ಥೆಗಳ ಸಾಲಕ್ಕಲ್ಲ. ಅಕ್ಕನ ಎರಡೂ ಸಾಲ ನೋಂದಾಯಿತ ಸಂಸ್ಥೆಗಳವು. ಅವರು ಕಟ್ಟುತ್ತಾ ಹೋದರು. ಒಬ್ಬರು ನಿಲ್ಲಿಸಿದರೆ ಉಳಿದ ಹೆಂಗಸರ ತಲೆ ಮೇಲೆ ಬರುತ್ತದೆ, ಅವರೂ ನಮ್ಮಂಥವರೇ ಅಲ್ವಾ ಅನ್ನುವುದು ಅಕ್ಕನ ಮಾತು.

ಮಗನ ಶಾಲೆ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಎಲ್ಲ ಮನೆಗೂ ಇದೇ ಸರಿ ಅಂತ ನಾನು ಹೇಳಲಾರೆ. ವರ್ಷದ ಮಧ್ಯ ಶಾಲೆ ಬದಲಿಸಲಿಲ್ಲ, ಮಾರ್ಚ್‌ವರೆಗೆ ವ್ಯಾನೂ ಇಟ್ಟುಕೊಂಡರು. ಎಂಟನೇ ಕ್ಲಾಸಿಗೆ ನಡೆದು ಹೋಗುವ ದೂರದ ಸರ್ಕಾರಿ ಪ್ರೌಢಶಾಲೆಗೆ ಸೇರಿಸಿದರು. ಅದಕ್ಕೂ ಮುಂಚೆ ಹುಡುಗನನ್ನು ಕರೆದುಕೊಂಡು ಹೋಗಿ ಶಾಲೆ ತೋರಿಸಿ, ಮನೆಯ ಲೆಕ್ಕದ ಹಾಳೆಯನ್ನೂ ತೋರಿಸಿದರು. ಹಳೆಯ ಸ್ನೇಹಿತರು ತಪ್ಪಿದ ಬೇಜಾರು ಅವನಿಗೆ ಹೋಗಲು ಸಮಯ ಹಿಡಿಯಿತು. ಗಣಿತದ ಮೇಷ್ಟ್ರು ಚೆನ್ನಾಗಿದ್ದಾರೆ ಅಂತ ಈಗ ಹೇಳುತ್ತಾನೆ. ಫೀಸು ₹38,000 ಮತ್ತು ವ್ಯಾನಿನ ಖರ್ಚು ಎರಡೂ ಇಲ್ಲವಾದವು.

ಈಗ

2025ರ ಆಗಸ್ಟ್‌ನ ಲೆಕ್ಕ: ಆದಾಯ ₹31,300. ಮನೆ ಖರ್ಚು, ಪೆಟ್ರೋಲ್ ಸೇರಿ ₹17,100. ಸಂಘದ ಎರಡು ಕಂತು ₹5,810. ಉಳಿಯುವುದು ₹8,400ರ ಹತ್ತಿರ. ಕೆಲಸ ಹೋಗುವ ಮುಂಚಿನ ಆದಾಯಕ್ಕಿಂತ ಈ ಆದಾಯ ಈಗಲೂ ಕಮ್ಮಿಯೇ. ಅತ್ತೆಯ ಮಾತ್ರೆ ದಿನವೂ ನಡೆಯುತ್ತಿದೆ. ಅದನ್ನು ಹಾಳೆಯಲ್ಲಿ ಬಾಡಿಗೆಯ ಪಕ್ಕದಲ್ಲೇ ಬರೆಸಿದ್ದೇನೆ. ಅಂಚೆ ಕಚೇರಿಯಲ್ಲಿ ತಿಂಗಳಿಗೆ ₹2,000ದ ಆರ್‌ಡಿ ಶುರುವಾಗಿದೆ. ಉಳಿದದ್ದರಲ್ಲಿ ಮಗಳ ಡಿಗ್ರಿ ಫೀಸಿಗೆ ತೆಗೆದಿಡುತ್ತಿದ್ದಾರೆ. ವಾರದ ಸಾಲ ಅಕ್ಟೋಬರ್‌ನಲ್ಲಿ, ತಿಂಗಳದ್ದು ವರ್ಷದ ಕೊನೆಯೊಳಗೆ ಮುಗಿಯಬೇಕು.

ಗ್ರಾಚ್ಯುಟಿಯ ಉಳಿದರ್ಧ ಇನ್ನೂ ಬಂದಿಲ್ಲ. ಮಾಲೀಕರು ಕೊಡುತ್ತೇನೆ ಅನ್ನುತ್ತಲೇ ಇದ್ದಾರೆ. ಅಣ್ಣ ಈ ಸಲ ಸಂಕೋಚ ಮಾಡಲಿಲ್ಲ. ನೇಮಕದ ಪತ್ರ, ಕೊನೆಯ ಸಂಬಳ ಚೀಟಿ, ಮೊದಲ ಅರ್ಧ ಬಂದ ಬ್ಯಾಂಕ್ ಪುಟ ಜೋಡಿಸಿ ಕಾರ್ಮಿಕ ಇಲಾಖೆಯಲ್ಲಿ ತಾವೇ ಅರ್ಜಿ ಹಾಕಿ ಬಂದಿದ್ದಾರೆ.